ಮೇಲ್‌ನಲ್ಲಿ ಬಂದ ಫೈಲ್ ಎಲ್ಲಿಗೆ ಹೋಗ್ಬೇಕು ಅಂತ ನಾವೇ ಹೇಳ್ಬೇಕು

ತಿಂಗಳು ತಿಂಗಳು 20ನೇ ತಾರೀಖು ಹತ್ರ ಬರ್ತಿದ್ದಂಗೆ ನಮ್ಮಂಥ ಟ್ಯಾಕ್ಸ್ ಆಫೀಸ್‌ಗಳಲ್ಲಿ ಟೀ ಕುಡಿಯೋಕೂ ಪುರುಸೊತ್ತು ಇರಲ್ಲ. 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ಜಿಎಸ್‌ಟಿ ಲೆಕ್ಕ) ಮುಗ್ಸಿರ್ತೀವಿ, 14ಕ್ಕೆ 2ಬಿ (ಖರೀದಿ ಮೇಲೆ ಸಿಗೋ ತೆರಿಗೆ ಕ್ರೆಡಿಟ್ ಪಟ್ಟಿ) ಬಂದಿರುತ್ತೆ, ಇನ್ನು 20ರೊಳಗೆ 3ಬಿ (ತೆರಿಗೆ ಕಟ್ಟೋ ತಿಂಗಳ ರಿಟರ್ನ್) ಹಾಕ್ಬೇಕು, ಅಷ್ಟರಲ್ಲಿ ಬೆಲ್ಲದ ಮಂಡಿಯೋರು, ರೈಸ್ ಮಿಲ್ಲೋರು, ಹಾರ್ಡ್‌ವೇರ್ ಅಂಗಡಿಯೋರು ಎಲ್ಲಾ ಒಟ್ಟೊಟ್ಟಿಗೆ ಬ್ಯಾಂಕ್ ಸ್ಟೇಟ್‌ಮೆಂಟು, ಪರ್ಚೇಸ್ ಬಿಲ್ಲು, ಟ್ಯಾಲಿ ಬ್ಯಾಕಪ್ಪು ಅಂತ ಮೇಲ್ ಮೇಲೆ ಮೇಲ್ ಹಾಕ್ತಾ ಇರ್ತಾರೆ. ಮಂಡ್ಯದ ವಿ.ವಿ. ರೋಡ್ ಹತ್ರ ಇರೋ ಚಿಕ್ಕ ಆಫೀಸು ನಮ್ದು, ಕಂಪ್ಯೂಟರ್‌ಗಳು ಇರೋದೇ ಮೂರು, ಆದ್ರೆ ಆ ಮೂರರ ಒಳಗೆ ಊರಿನ ಅರ್ಧ ವ್ಯಾಪಾರದ ಕಾಗದ ಬಂದು ಕೂತಿರುತ್ತೆ. ಅಂಥ ಕಡೆ ಮೇಲ್‌ನಲ್ಲಿ ಬಂದ ಫೈಲ್ ಯಾವ ಫೋಲ್ಡರ್‌ಗೆ ಬೀಳುತ್ತೆ ಅನ್ನೋದು ಸಣ್ಣ ವಿಷ್ಯ ಅಲ್ಲ, ಅದಕ್ಕೇ ಇಷ್ಟು ಉದ್ದ ಬರೀತಿದೀನಿ.

ಒಂದ್ಸಲ ಏನಾಯ್ತು ಅಂದ್ರೆ, ಮಂಡಿಯವರೊಬ್ರ ಸ್ಟೇಟ್‌ಮೆಂಟ್ ಬೇಕಿತ್ತು, ಫೋನ್ ಮಾಡಿದ್ರೆ "ಮೊನ್ನೇನೆ ಕಳ್ಸಿವ್ನಲ್ಲಾ ಸಾ, ಇನ್ನೊಂದ್ ದಪ ನೋಡಿ ಸಾ, ಅಲ್ಲೇ ಇರ್ತದೆ" ಅಂದ್ರು. ನಮ್ ಆಫೀಸಲ್ಲಿ ಬಿಕಾಂ ಮುಗಿಸ್ಕೊಂಡು ಹೊಸದಾಗಿ ಸೇರಿದ ಹುಡುಗಿ "ಬಂದಿದೆ ಅಣ್ಣ, ಡೌನ್‌ಲೋಡೂ ಮಾಡಿದೀನಿ, ಆದ್ರೆ ಇದ್ರಲ್ಲಿ ಯಾವ್ದು ಅವ್ರದ್ದು ಅಂತ ಗೊತ್ತಾಗ್ತಿಲ್ಲ" ಅಂತ ಸ್ಕ್ರೀನ್ ತೋರ್ಸಿದ್ಳು. ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಸಾಲಾಗಿ ಸ್ಟೇಟ್‌ಮೆಂಟ್, ಸ್ಟೇಟ್‌ಮೆಂಟ್ (1), ಸ್ಟೇಟ್‌ಮೆಂಟ್ (2) ಅಂತ ಕೆಳಗಿನವರೆಗೂ ಇದೆ, ಒಂದೊಂದು ಒಬ್ಬೊಬ್ರದ್ದು, ಅರ್ಧಕ್ಕೆ ಪಾಸ್‌ವರ್ಡ್ ಇದೆ, ಮಧ್ಯೆ ಮಧ್ಯೆ ಯಾರದೋ ಆಧಾರ್ ಕಾರ್ಡಿನ ಫೋಟೋ, ಪ್ರಿಂಟರ್ ಡ್ರೈವರು, ಯಾರದೋ ಗೃಹಪ್ರವೇಶದ ಇನ್ವಿಟೇಶನ್ನು. ಒಂದೇ ಹೆಸರಿನ ಫೈಲ್ ಎರಡನೇ ಸಲ ಬಂದ್ರೆ ಬ್ರೌಸರ್ ಹಳೇದನ್ನ ಅಳಿಸಲ್ಲ, ಪಕ್ಕದಲ್ಲಿ ನಂಬರ್ ಹಾಕಿ ಇಟ್ಬಿಡುತ್ತೆ, ಅದು ಒಳ್ಳೇದೇ, ಆದ್ರೆ ಆ ನಂಬರ್‌ಗೂ ಫೈಲ್ ಕಳ್ಸಿದ ಮನುಷ್ಯನಿಗೂ ಯಾವ ಸಂಬಂಧಾನೂ ಇರಲ್ಲ. ಆ ಹುಡುಗಿದು ಇದ್ರಲ್ಲಿ ಏನೂ ತಪ್ಪಿಲ್ಲ, ಬಂದಿದ್ದನ್ನ ಡೌನ್‌ಲೋಡ್ ಒತ್ತು ಅಂದಿದ್ರು, ಒತ್ತಿದಾಳೆ. ಎಲ್ಲಿಗೆ ಹೋಗ್ಬೇಕು ಅಂತ ಕಂಪ್ಯೂಟರ್‌ಗೆ ಯಾರೂ ಹೇಳಿರಲಿಲ್ಲ ಅಷ್ಟೇ.

ಮೊದ್ಲು ಒಂದು ವಿಷ್ಯ ತಲೇಲಿ ಇಟ್ಕೊಳ್ಳಿ. ಅಟ್ಯಾಚ್‌ಮೆಂಟ್ ಅನ್ನೋದು ಮೇಲ್‌ನ ಒಳಗೇ ಅಕ್ಷರಗಳಾಗಿ ಬರೆದು ಬಂದಿರುತ್ತೆ. 1992ರಲ್ಲಿ ಮೈಮ್ ಅಂತ, ಮೇಲ್ ಒಳಗೆ ಫೈಲ್ ಹೆಂಗೆ ಇಡ್ಬೇಕು ಅನ್ನೋ ನಿಯಮ ಬಂತಲ್ಲ, ಆ ವರ್ಷ ಮಾರ್ಚ್‌ನಲ್ಲಿ ನಥಾನಿಯಲ್ ಬೋರೆನ್‌ಸ್ಟೈನ್ ಅನ್ನೋರು ಒಂದು ಫೋಟೋನೂ ಒಂದು ಹಾಡಿನ ರೆಕಾರ್ಡಿಂಗೂ ಅಟ್ಯಾಚ್ ಮಾಡಿ ಕಳ್ಸಿದ್ರು, ಇವತ್ತಿಗೂ ನಮ್ಮ ಪಿಡಿಎಫ್ ಎಲ್ಲ ಆ ದಾರೀಲೇ ಬರೋದು, ಹಂಗೆ ಅಕ್ಷರ ಆಗಿ ಬದಲಾಗೋವಾಗ ಫೈಲ್ ಮೂರನೇ ಒಂದು ಪಾಲಿನಷ್ಟು ದಪ್ಪ ಆಗುತ್ತೆ. ನಾವು ಸೇವ್ ಅಂತ ಒತ್ತಿದಾಗ ಆಗೋದು ಏನಪ್ಪಾ ಅಂದ್ರೆ ಮೇಲ್ ಒಳಗಿಂದ ಒಂದು ಕಾಪಿ ತೆಗೆದು ಡಿಸ್ಕ್‌ನಲ್ಲಿ ಎಲ್ಲೋ ಬರೀತಾರೆ, ಮೇಲ್‌ನಲ್ಲಿರೋದು ಅಲ್ಲೇ ಇರುತ್ತೆ. ಈ "ಎಲ್ಲೋ" ಅನ್ನೋದನ್ನ ನಿರ್ಧಾರ ಮಾಡೋದು ಜೀಮೇಲೂ ಅಲ್ಲ, ಕಳ್ಸಿದವರೂ ಅಲ್ಲ, ನೀವು ಯಾವ ಪ್ರೋಗ್ರಾಂನಲ್ಲಿ ಮೇಲ್ ತೆಗ್ದಿದೀರೋ ಆ ಪ್ರೋಗ್ರಾಂ.

ಇಲ್ಲೇ ತುಂಬಾ ಜನ ಸುತ್ತೋದು. ಜೀಮೇಲ್ ಸೆಟ್ಟಿಂಗ್ಸ್ ಒಳಗೆ ಹೋಗಿ ಲೇಬಲ್ಸು, ಫಿಲ್ಟರ್ಸು, ಎಲ್ಲಾ ಟ್ಯಾಬೂ ನೋಡ್ತಾರೆ, ಫೋಲ್ಡರ್ ಬದಲಾಯಿಸೋ ಜಾಗ ಸಿಗಲ್ಲ, ಯಾಕಂದ್ರೆ ಅದು ಅಲ್ಲಿ ಇಲ್ವೇ ಇಲ್ಲ. ಬ್ರೌಸರ್‌ನಲ್ಲಿ ಮೇಲ್ ನೋಡ್ತೀರಿ ಅಂದ್ರೆ ಫೈಲ್ ಬೀಳೋ ಜಾಗ ಬ್ರೌಸರ್‌ದು. ಕ್ರೋಮ್ ಆದ್ರೆ ಮೇಲೆ ಬಲಗಡೆ ಮೂರು ಚುಕ್ಕಿ, ಸೆಟ್ಟಿಂಗ್ಸ್, ಎಡಗಡೆ ಪಟ್ಟೀಲಿ ಡೌನ್‌ಲೋಡ್ಸ್, ಅಲ್ಲಿ ಲೊಕೇಶನ್ ಅಂತ ಇರುತ್ತೆ, ಪಕ್ಕದಲ್ಲಿ ಚೇಂಜ್ ಅಂತ ಬಟನ್, ಒತ್ತಿ ನಿಮಗೆ ಬೇಕಾದ ಫೋಲ್ಡರ್ ತೋರ್ಸಿ, ಮುಗೀತು. ಅದರ ಹತ್ರಾನೇ, ಡೌನ್‌ಲೋಡ್ ಮಾಡೋಕೆ ಮುಂಚೆ ಪ್ರತಿ ಫೈಲ್‌ಗೂ ಎಲ್ಲಿ ಇಡ್ಲಿ ಅಂತ ಕೇಳು ಅನ್ನೋ ಅರ್ಥದ ಒಂದು ಸ್ವಿಚ್ ಇರುತ್ತೆ, ಅದರ ಬಗ್ಗೆ ಆಮೇಲೆ ಹೇಳ್ತೀನಿ. ಎಡ್ಜ್‌ನಲ್ಲೂ ಸೆಟ್ಟಿಂಗ್ಸ್ ಒಳಗೆ ಡೌನ್‌ಲೋಡ್ಸ್, ಫೈರ್‌ಫಾಕ್ಸ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಜನರಲ್, ಸ್ವಲ್ಪ ಕೆಳಗೆ ಹೋದ್ರೆ ಸಿಗುತ್ತೆ. ಇಲ್ಲಿ ಬದಲಾಯಿಸಿದ್ರೆ ಮೇಲ್‌ದು ಮಾತ್ರ ಅಲ್ಲ, ಆ ಬ್ರೌಸರ್‌ನಲ್ಲಿ ಏನೇ ಡೌನ್‌ಲೋಡ್ ಮಾಡಿದ್ರೂ, ಜಿಎಸ್‌ಟಿ ಪೋರ್ಟಲ್‌ನಿಂದ ಬರೋ 2ಬಿ ಎಕ್ಸೆಲ್ಲೂ ಸೇರಿ, ಎಲ್ಲಾ ಅಲ್ಲಿಗೇ ಹೋಗುತ್ತೆ. ಮೇಲ್‌ದೇ ಬೇರೆ ಇರ್ಲಿ ಅನ್ಸಿದ್ರೆ ಕ್ರೋಮ್‌ನಲ್ಲಿ ಇನ್ನೊಂದು ಪ್ರೊಫೈಲ್ ಮಾಡಿ ಅದ್ರಲ್ಲಿ ಮೇಲ್ ಮಾತ್ರ ತೆಗೀರಿ, ಪ್ರೊಫೈಲ್‌ಗೊಂದು ಫೋಲ್ಡರ್ ಕೊಡಬಹುದು. ನಮ್ಮಲ್ಲಿ ಈಗ ಹಂಗೇ ಇರೋದು.

ಔಟ್‌ಲುಕ್ ಕಥೆ ಬೇರೆ. ಹಳೇ ಔಟ್‌ಲುಕ್, ಈಗ ಕ್ಲಾಸಿಕ್ ಅಂತ ಕರೀತಾರಲ್ಲ ಅದು, ಅಟ್ಯಾಚ್‌ಮೆಂಟ್ ಸೇವ್ ಮಾಡೋಕೆ ಹೋದ್ರೆ ಡಾಕ್ಯುಮೆಂಟ್ಸ್ ಫೋಲ್ಡರ್ ತೋರ್ಸುತ್ತೆ, ಇದನ್ನ ಬದಲಾಯಿಸೋಕೆ ಮೆನುಲಿ ಎಲ್ಲೂ ಆಪ್ಷನ್ ಕೊಟ್ಟಿಲ್ಲ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಬರೆದಿಡೋ ರಿಜಿಸ್ಟ್ರಿಗೇ ಹೋಗ್ಬೇಕು. ಭಯ ಬೀಳ್ಬೇಡಿ, ಆದ್ರೆ ನಿಧಾನಕ್ಕೆ ಮಾಡಿ. ಮೊದ್ಲು ಔಟ್‌ಲುಕ್ ಮುಚ್ಚಿ, ವಿಂಡೋಸ್ ಕೀ ಜೊತೆ ಆರ್ ಒತ್ತಿ, ರೆಜ್‌ಎಡಿಟ್ (regedit) ಅಂತ ಟೈಪ್ ಮಾಡಿ ಎಂಟರ್ ಒತ್ತಿದ್ರೆ ರಿಜಿಸ್ಟ್ರಿ ಎಡಿಟರ್ ತೆಗೀತದೆ. ಎಡಗಡೆ ಎಚ್‌ಕೀ ಕರೆಂಟ್ ಯೂಸರ್, ಅದ್ರೊಳಗೆ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ಆಫೀಸ್, ಆಮೇಲೆ 16.0, ಅದ್ರೊಳಗೆ ಔಟ್‌ಲುಕ್, ಅದ್ರೊಳಗೆ ಆಪ್ಷನ್ಸ್. ಈ 16.0 ಅನ್ನೋದು 2016 ಮತ್ತು ಅದರ ನಂತರ ಬಂದವಕ್ಕೆಲ್ಲ, ನಿಮ್ಮದು 2013 ಆಗಿದ್ರೆ 15.0, 2010 ಆಗಿದ್ರೆ 14.0. ಮುಟ್ಟೋಕೆ ಮುಂಚೆ ಆಪ್ಷನ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಕೊಟ್ಟು ಒಂದು ಕಾಪಿ ಇಟ್ಕೊಳ್ಳಿ, ಇದನ್ನ ಬಿಡ್ಲೇಬೇಡಿ. ಆಮೇಲೆ ಬಲಗಡೆ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್, ನ್ಯೂ, ಸ್ಟ್ರಿಂಗ್ ವ್ಯಾಲ್ಯೂ, ಹೆಸರು ಡೀಫಾಲ್ಟ್‌ಪಾತ್ (DefaultPath) ಅಂತ ಇಂಗ್ಲಿಷಲ್ಲಿ ಕೊಡಿ, ಮಧ್ಯೆ ಸ್ಪೇಸ್ ಇರಬಾರ್ದು. ಅದರ ಮೇಲೆ ಡಬಲ್ ಕ್ಲಿಕ್ ಮಾಡಿ ಫೋಲ್ಡರ್‌ನ ಪೂರ್ತಿ ವಿಳಾಸ ಅಂಟಿಸಿ. ವಿಳಾಸ ಕೈಯಲ್ಲಿ ಟೈಪ್ ಮಾಡ್ಬೇಡಿ, ಎಕ್ಸ್‌ಪ್ಲೋರರ್‌ನಲ್ಲಿ ಆ ಫೋಲ್ಡರ್ ತೆಗ್ದು ಮೇಲಿನ ಅಡ್ರೆಸ್ ಬಾರ್‌ನಿಂದ ಕಾಪಿ ಮಾಡ್ಕೊಂಡ್ರೆ ಒಂದಕ್ಷರ ಹೆಚ್ಚು ಕಮ್ಮಿ ಆಗಲ್ಲ, ಮತ್ತೆ ಆ ಫೋಲ್ಡರ್ ಮೊದಲೇ ಮಾಡಿಟ್ಟಿರಬೇಕು. ಔಟ್‌ಲುಕ್ ಮತ್ತೆ ತೆಗ್ದು ಒಂದು ಅಟ್ಯಾಚ್‌ಮೆಂಟ್ ಸೇವ್ ಮಾಡಿ ನೋಡಿದ್ರೆ ಹೊಸ ಜಾಗ ತೋರ್ಸುತ್ತೆ. ಹೊಸ ಔಟ್‌ಲುಕ್‌ಗೆ ಈ ರಿಜಿಸ್ಟ್ರಿ ದಾರಿ ನಡೆಯಲ್ಲ, ಅದು ಒಳಗೊಳಗೆ ವೆಬ್ ಪೇಜಿನ ಥರಾನೇ ಓಡೋದು.

ಥಂಡರ್‌ಬರ್ಡ್ ಬಳಸೋರಿಗೆ ಇಷ್ಟೆಲ್ಲಾ ಕಷ್ಟ ಇಲ್ಲ, ಸೆಟ್ಟಿಂಗ್ಸ್, ಜನರಲ್, ಕೆಳಗೆ ಫೈಲ್ಸ್ ಅಂಡ್ ಅಟ್ಯಾಚ್‌ಮೆಂಟ್ಸ್, ಅಲ್ಲೇ ಫೋಲ್ಡರ್ ಆರಿಸ್ಕೊಬಹುದು, ಇಲ್ಲ ಪ್ರತಿ ಸಲ ಕೇಳು ಅಂತ ಇಡಬಹುದು. ಮ್ಯಾಕ್‌ನಲ್ಲಿ ಆಪಲ್‌ನ ಮೇಲ್ ಇದ್ರೂ ಸೆಟ್ಟಿಂಗ್ಸ್‌ನ ಜನರಲ್‌ನಲ್ಲಿ ಡೌನ್‌ಲೋಡ್ಸ್ ಫೋಲ್ಡರ್ ಅಂತ ಒಂದು ಸಾಲು ಇದೆ.

ಈಗ ಸೇವ್ ಮಾಡದೇ ಸೀದಾ ಮೇಲ್‌ನಿಂದಾನೇ ಫೈಲ್ ತೆಗೆಯೋರ ವಿಷ್ಯ. ನನ್ನ ಪ್ರಕಾರ ಇದು ಡೀಫಾಲ್ಟ್ ಫೋಲ್ಡರ್, ಅಂದ್ರೆ ನಾವು ಹೇಳದಿದ್ರೆ ಫೈಲ್ ತಾನಾಗೇ ಬೀಳೋ ಫೋಲ್ಡರ್, ಅದರ ವಿಷ್ಯಕ್ಕಿಂತ ದೊಡ್ಡ ತೊಂದ್ರೆ. ಕ್ಲಾಸಿಕ್ ಔಟ್‌ಲುಕ್‌ನಲ್ಲಿ ಅಟ್ಯಾಚ್‌ಮೆಂಟ್ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ಅದು ಮೊದ್ಲು ಒಂದು ಕಾಪಿನ ಟೆಂಪರರಿ ಫೋಲ್ಡರ್‌ನಲ್ಲಿ ಇಟ್ಟು ಆ ಕಾಪಿನ ತೆಗ್ದು ತೋರ್ಸುತ್ತೆ. ಆ ಫೋಲ್ಡರ್ ಇರೋದು ನಿಮ್ಮ ಯೂಸರ್ ಹೆಸರಿನ ಕೆಳಗೆ ಆಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಐನೆಟ್‌ಕ್ಯಾಶ್, ಕಂಟೆಂಟ್ ಡಾಟ್ ಔಟ್‌ಲುಕ್, ಅದ್ರೊಳಗೆ ಮತ್ತೆ ಅರ್ಥ ಇಲ್ಲದ ಅಕ್ಷರಗಳ ಇನ್ನೊಂದು ಫೋಲ್ಡರ್. ಮಾಮೂಲಾಗಿ ಎಕ್ಸ್‌ಪ್ಲೋರರ್‌ನಲ್ಲಿ ಕಣ್ಣಿಗೇ ಬೀಳಲ್ಲ. ಅಲ್ಲಿರೋ ಕಾಪೀಲಿ ಲೆಡ್ಜರ್ ಎಲ್ಲಾ ಟ್ಯಾಲಿ ಮಾಡಿ, ಬಣ್ಣ ಹಚ್ಚಿ, ಅಲ್ಲೇ ಸೇವ್ ಕೊಟ್ರೆ ಮಾಡಿದ ಕೆಲ್ಸ ಎಲ್ಲಾ ಆ ಟೆಂಪರರಿ ಜಾಗದಲ್ಲೇ ಉಳ್ಕೊಳುತ್ತೆ, ಮೇಲ್‌ನಲ್ಲಿರೋ ಒರಿಜಿನಲ್ ಬದಲಾಗಲ್ಲ, ಟೆಂಪರರಿ ಜಾಗ ಯಾವಾಗ ಕ್ಲೀನ್ ಆಗುತ್ತೋ ಹೇಳೋಕಾಗಲ್ಲ. ಜಿಪ್ ಫೈಲ್‌ದೂ ಇದೇ ಹಣೆಬರಹ. ಜೀಮೇಲ್‌ನಲ್ಲಿ ಎಲ್ಲಾ ಒಟ್ಟಿಗೆ ಡೌನ್‌ಲೋಡ್ ಮಾಡಿದ್ರೆ ಜಿಪ್ ಆಗಿ ಬರುತ್ತೆ, ಅದನ್ನ ಬಿಚ್ಚದೇ ಒಳಗಿರೋ ಎಕ್ಸೆಲ್ ಮೇಲೆ ಡಬಲ್ ಕ್ಲಿಕ್ ಮಾಡಿ ಕೆಲ್ಸ ಶುರು ಹಚ್ಕೊಂಡ್ರೆ ಅದೂ ಟೆಂಪರರಿ ಕಾಪೀನೇ. ಮೊದ್ಲು ಸೇವ್, ಜಿಪ್ ಆದ್ರೆ ಎಕ್ಸ್‌ಟ್ರಾಕ್ಟ್, ಆಮೇಲೆ ಓಪನ್. ಸಣ್ಣ ಹುಡುಗರಿಗೆ ಕಂಪ್ಯೂಟರ್ ಕಲಿಸೋ ಸೆಂಟರ್‌ಗಳಲ್ಲಿ ಮೊದಲನೇ ದಿನಾನೇ ಇದನ್ನ ಹೇಳ್ಕೊಡಬೇಕು ಅಂತ ನನಗೆ ನಿಜವಾಗ್ಲೂ ಅನ್ಸುತ್ತೆ.

ಸರಿ, ಎಲ್ಲಿಗೆ ಬದಲಾಯಿಸೋದು. ನಮ್ಮಪ್ಪ ಸರ್ಕಾರಿ ಕಚೇರೀಲಿ ಗುಮಾಸ್ತರಾಗಿದ್ರು, ಅಲ್ಲಿ ಯಾವ ಕಾಗದ ಬಂದ್ರೂ ಮೊದ್ಲು ಆವಕ ರಿಜಿಸ್ಟರ್‌ನಲ್ಲಿ ತಾರೀಖು ಬಿದ್ದು ಆಮೇಲೇ ಸಂಬಂಧಪಟ್ಟ ಟೇಬಲ್‌ಗೆ ಹೋಗ್ತಿದ್ದದ್ದು, ನಾನೂ ಅದನ್ನೇ ಎತ್ಕೊಂಡು ಡಿ ಡ್ರೈವ್‌ನಲ್ಲಿ ಆವಕ ಅಂತ ಒಂದು ಫೋಲ್ಡರ್ ಮಾಡಿದೆ. ಮೇಲ್‌ನಿಂದ ಬರೋ ಎಲ್ಲಾ ಫೈಲೂ ಮೊದ್ಲು ಅಲ್ಲಿಗೇ. ಅಲ್ಲಿಂದ ಹೆಸರು ಬದಲಾಯಿಸಿ ಆ ಕಸ್ಟಮರ್ ಫೋಲ್ಡರ್‌ಗೆ ಕಟ್ ಪೇಸ್ಟ್. ಸಂಜೆ ಬಾಗಿಲು ಹಾಕೋ ಹೊತ್ತಿಗೆ ಆವಕ ಖಾಲಿ ಇರ್ಬೇಕು, ಖಾಲಿ ಇಲ್ಲ ಅಂದ್ರೆ ಯಾರದೋ ಕೆಲ್ಸ ಬಾಕಿ ಇದೆ ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ. ನನಗೆ ಇದೇ ಮುಖ್ಯ ಲಾಭ. ಮೊದ್ಲು ಬಾಕಿ ಯಾವ್ದು ಅಂತ ತಿಳ್ಕೊಳ್ಳೋಕೆ ಇನ್‌ಬಾಕ್ಸ್ ಪೂರ್ತಿ ಕೆಳಗಿನವರೆಗೂ ಓದ್ಬೇಕಿತ್ತು.

ಅಲ್ಲಪ್ಪ, ಪ್ರತಿ ಸಲ ಕೇಳೋ ಸ್ವಿಚ್ ಆನ್ ಮಾಡಿ ಸೀದಾ ಕಸ್ಟಮರ್ ಫೋಲ್ಡರ್‌ಗೇ ಹಾಕಿದ್ರೆ ಆಯ್ತಲ್ಲ ಅಂತ ಕೇಳ್ತಾರೆ. ಮನೇಲಿ ದಿನಕ್ಕೆ ಒಂದೋ ಎರಡೋ ಫೈಲ್ ತೆಗೆಯೋರಿಗೆ ಅದೇ ಸರಿ, ನಮ್ಮನೇಲಿ ನನ್ನ ಹೆಂಡ್ತಿ ಲ್ಯಾಪ್‌ಟಾಪ್‌ನಲ್ಲಿ ಹಂಗೇ ಇಟ್ಟಿದೀನಿ. ಆಫೀಸಲ್ಲಿ ಫೋನು ಕಿವೀಲಿ ಇಟ್ಕೊಂಡು, ಎದುರುಗಡೆ ಇಬ್ರು ಕೂತಿರೋವಾಗ, ಆ ಬಾಕ್ಸ್ ಬಂದ್ರೆ ಯಾರೂ ಓದಲ್ಲ, ಎಂಟರ್ ಒತ್ಬಿಡ್ತಾರೆ. ಆಗ ಫೈಲ್ ಹೋಗೋದು ಹೋದ ಸಲ ಯಾವ ಫೋಲ್ಡರ್ ಆರಿಸಿದ್ರೋ ಅಲ್ಲಿಗೆ, ಅಂದ್ರೆ ರೈಸ್ ಮಿಲ್ಲಿನವರ ಫೋಲ್ಡರ್‌ನಲ್ಲಿ ಹಾರ್ಡ್‌ವೇರ್ ಅಂಗಡಿಯವರ ಸ್ಟೇಟ್‌ಮೆಂಟ್. ಕಳೆದು ಹೋದ ಫೈಲ್ ಮತ್ತೆ ಮೇಲ್‌ನಿಂದ ತೆಗೀಬಹುದು, ಇನ್ನೊಬ್ರ ಫೋಲ್ಡರ್‌ನಲ್ಲಿ ಕೂತಿರೋ ಫೈಲ್ ಲೆಕ್ಕದಲ್ಲಿ ಸೇರ್ಕೊಂಡ್ರೆ ಹಿಡಿಯೋದು ಬಹಳ ಕಷ್ಟ. ಅದಕ್ಕೇ ಅವಸರದ ಜಾಗದಲ್ಲಿ ಕೇಳದೇ ಒಂದೇ ಕಡೆ ಬೀಳೋದೇ ವಾಸಿ ಅನ್ನೋದು ನನ್ನ ಖಚಿತ ಅಭಿಪ್ರಾಯ.

ಹೆಸರು ಇಡೋವಾಗ ತಾರೀಖು ಮೊದ್ಲು ಹಾಕ್ತೀವಿ, ಅದೂ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ, 2025-06-18 ಅಂತ, ಆಮೇಲೆ ಕಸ್ಟಮರ್ ಹೆಸರು, ಆಮೇಲೆ ಏನು ಅಂತ. ಹಿಂಗಿಟ್ರೆ ಹೆಸರಿನ ಪ್ರಕಾರ ಜೋಡಿಸಿದ್ರೂ ತಾರೀಖಿನ ಪ್ರಕಾರಾನೇ ಬರುತ್ತೆ. ನಾವು ಕೈಯಲ್ಲಿ ಬರೆಯೋ ಥರ ಮಧ್ಯೆ ಓರೆ ಗೀಟು ಹಾಕೋಕೆ ವಿಂಡೋಸ್ ಬಿಡಲ್ಲ, ಅಡ್ಡ ಗೀಟೇ ಹಾಕ್ಬೇಕು.

ಡಿ ಡ್ರೈವ್ ಯಾಕೆ ಅಂದ್ರೆ, ಕಂಪ್ಯೂಟರ್ ಸ್ಲೋ ಆಯ್ತು ಅಂತ ಸರ್ವಿಸ್‌ಗೆ ಕೊಟ್ರೆ ಹುಡುಗರು ಮೊದ್ಲು ಮಾಡೋದೇ ಸಿ ಡ್ರೈವ್ ಫಾರ್ಮ್ಯಾಟ್. ಡೌನ್‌ಲೋಡ್ಸು, ಡಾಕ್ಯುಮೆಂಟ್ಸು, ಡೆಸ್ಕ್‌ಟಾಪು ಮೂರೂ ಇರೋದು ಸಿ ಒಳಗೇ. ಪ್ರೋಗ್ರಾಂ ಒಂದೊಂದರಲ್ಲೂ ಬದಲಾಯಿಸೋಕೆ ಬೇಜಾರು ಅನ್ನೋರು ಡೌನ್‌ಲೋಡ್ಸ್ ಫೋಲ್ಡರನ್ನೇ ಡಿಗೆ ಸಾಗಿಸಬಹುದು, ಅದರ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಲೊಕೇಶನ್ ಟ್ಯಾಬ್, ಮೂವ್. ಆದ್ರೆ ಡಿ ಡ್ರೈವ್‌ನ ಒಳಗೆ ಒಂದು ಫೋಲ್ಡರ್ ಮಾಡಿ ಅದನ್ನ ತೋರ್ಸಿ, ಬರೀ ಡಿ ಡ್ರೈವನ್ನೇ ತೋರ್ಸಿದ್ರೆ ಇಡೀ ಡ್ರೈವೇ ಡೌನ್‌ಲೋಡ್ಸ್ ಆಗ್ಬಿಡುತ್ತೆ, ವಾಪಸ್ ತರೋದು ತಲೆನೋವು. ಪೆನ್‌ಡ್ರೈವನ್ನಂತೂ ಡೀಫಾಲ್ಟ್ ಮಾಡ್ಲೇಬೇಡಿ, ಇವತ್ತು ಇ ಅಂತ ತೋರ್ಸಿದ್ದು ನಾಳೆ ಎಫ್ ಆಗಿರುತ್ತೆ. ಮತ್ತೆ ಡಿನೂ ಅದೇ ಹಾರ್ಡ್‌ಡಿಸ್ಕ್‌ನ ಇನ್ನೊಂದು ಭಾಗ ಆಗಿದ್ರೆ ಡಿಸ್ಕ್ ಕೆಟ್ರೆ ಎರಡೂ ಹೋಗುತ್ತೆ, ಬ್ಯಾಕಪ್ ಬೇರೆ ಇರ್ಲೇಬೇಕು.

ಡೌನ್‌ಲೋಡ್ಸ್‌ನಲ್ಲೇ ಬಿಟ್ಟಿರೋರು ಇನ್ನೊಂದು ನೋಡ್ಕೊಳ್ಳಿ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್ ಒಳಗೆ ಸ್ಟೋರೇಜ್ ಸೆನ್ಸ್ ಅಂತ ಇದೆ, ಅದ್ರಲ್ಲಿ ಇಷ್ಟು ದಿನ ತೆಗೆಯದ ಡೌನ್‌ಲೋಡ್ ಫೈಲ್‌ಗಳನ್ನ ಅಳಿಸು ಅನ್ನೋ ಆಯ್ಕೆ ಬರುತ್ತೆ, 1, 14, 30, 60 ದಿನ ಅಂತ. ಮೊದಲಿಗೆ ನೆವರ್ ಅಂತಾನೇ ಇರುತ್ತೆ, ಆದ್ರೆ ಡಿಸ್ಕ್ ತುಂಬಿದಾಗ ಯಾರಾದ್ರೂ ಜಾಗ ಮಾಡೋಕೆ ಅಂತ 30ಕ್ಕೆ ಇಟ್ಬಿಟ್ಟಿದ್ರೆ ಏಪ್ರಿಲ್‌ನಲ್ಲಿ ಇಳಿಸಿದ ಸ್ಟೇಟ್‌ಮೆಂಟ್ ಜುಲೈನಲ್ಲಿ ರಿಟರ್ನ್ ಹಾಕೋ ಹೊತ್ತಿಗೆ ಇರಲ್ಲ. ಡಾಕ್ಯುಮೆಂಟ್ಸ್ ಬಳಸೋರು ಅದು ಒನ್‌ಡ್ರೈವ್‌ಗೆ ಸಿಂಕ್ ಆಗ್ತಿದೆಯಾ ನೋಡಿ, ಪುಕ್ಕಟೆ ಸಿಗೋದು 5 ಜಿಬಿ ಅಷ್ಟೇ, ಸ್ಕ್ಯಾನ್ ಮಾಡಿದ ಬಿಲ್ಲುಗಳು ಅದನ್ನ ಬೇಗ ತಿಂದ್ಹಾಕುತ್ವೆ.

ಸೇಫ್ಟಿ ಬಗ್ಗೆ ಒಂದೆರಡು ಮಾತು ಹೇಳ್ಲೇಬೇಕು, ಯಾಕಂದ್ರೆ ಆವಕದಲ್ಲಿ ಬಂದು ಬೀಳೋದು ಜನರ ಪ್ಯಾನು, ಆಧಾರು, ಅವ್ರ ಅಕೌಂಟಲ್ಲಿ ಎಷ್ಟಿದೆ ಅನ್ನೋದು. ಮೇಲ್‌ನಿಂದ ಇಳಿಸಿದ ಫೈಲ್‌ಗೆ ವಿಂಡೋಸ್ ಇದು ಇಂಟರ್ನೆಟ್‌ನಿಂದ ಬಂದಿದ್ದು ಅಂತ ಒಂದು ಗುರುತು ಹಾಕಿರುತ್ತೆ, ಆ ಗುರುತಿಂದಾನೇ ಎಕ್ಸೆಲ್ ಹಳದಿ ಪಟ್ಟಿ ತೋರ್ಸಿ ಪ್ರೊಟೆಕ್ಟೆಡ್ ವ್ಯೂನಲ್ಲಿ ತೆಗೆಯೋದು, 2022ರಿಂದ ಅಂಥ ಫೈಲ್‌ನ ಮ್ಯಾಕ್ರೋಗಳನ್ನ, ಅಂದ್ರೆ ಫೈಲ್ ಒಳಗಿಂದಾನೇ ಓಡೋ ಸಣ್ಣ ಪ್ರೋಗ್ರಾಂಗಳನ್ನ, ಆಫೀಸ್ ತಡೆಯುತ್ತೆ. ಕೆಲವರು ಆ ಹಳದಿ ಪಟ್ಟಿ ಕಾಟ ತಪ್ಪಿಸೋಕೆ ಅಂತ ಡೀಫಾಲ್ಟ್ ಫೋಲ್ಡರನ್ನೇ ಎಕ್ಸೆಲ್‌ನ ಟ್ರಸ್ಟೆಡ್ ಲೊಕೇಶನ್ ಪಟ್ಟಿಗೆ, ಅಂದ್ರೆ ಇಲ್ಲಿರೋದನ್ನೆಲ್ಲ ಕೇಳದೇ ನಂಬು ಅನ್ನೋ ಪಟ್ಟಿಗೆ, ಸೇರಿಸ್ಬಿಡ್ತಾರೆ. ದಯವಿಟ್ಟು ಮಾಡ್ಬೇಡಿ. ಊರಿನೋರೆಲ್ಲ ಕಳ್ಸಿದ್ದು ಬಂದು ಬೀಳೋ ಫೋಲ್ಡರ್ ಅದು, ಯಾರೋ ಗೊತ್ತಿಲ್ಲದೋರು ಇನ್‌ವಾಯ್ಸ್ ಅಂತ ಹೆಸರಿಟ್ಟು ವೈರಸ್ ಕಳ್ಸಿದ್ರೂ ಅದೂ ಅಲ್ಲಿಗೇ ಬರುತ್ತೆ. ಇನ್ನು ಪಾಸ್‌ವರ್ಡ್ ಇರೋ ಪಿಡಿಎಫ್ ತೆಗ್ದು ಪ್ರಿಂಟ್ ಟು ಪಿಡಿಎಫ್ ಕೊಟ್ಟು ಪಾಸ್‌ವರ್ಡ್ ಇಲ್ಲದ ಕಾಪಿ ಮಾಡ್ಕೋತೀವಲ್ಲ, ಅದು ಕೆಲ್ಸ ಆದ್ಮೇಲೆ ಆವಕದಲ್ಲೇ ಉಳಿಯಬಾರ್ದು.

ಸಂಜೆ ಮೈಸೂರಿಗೆ ವಾಪಸ್ ಹೋಗೋವಾಗ ಟ್ರೈನಲ್ಲಿ ಪಾಂಡವಪುರ ದಾಟೋ ಹೊತ್ತಿಗೆ ಸೀಟ್ ಸಿಕ್ಕಿದ್ರೆ ಫೋನಲ್ಲೇ ಮೇಲ್ ನೋಡ್ತೀನಿ. ಆಂಡ್ರಾಯ್ಡ್‌ನ ಜೀಮೇಲ್ ಆಪ್‌ನಲ್ಲಿ ಡೌನ್‌ಲೋಡ್ ಒತ್ತಿದ್ರೆ ಫೋನಿನ ಡೌನ್‌ಲೋಡ್ ಫೋಲ್ಡರ್‌ಗೆ ಹೋಗುತ್ತೆ. ಆಫೀಸಿನ ಫೈಲ್ ಫೋನಿಗೆ ಇಳಿಸೋದನ್ನೇ ನಾನು ಬಿಟ್ಬಿಟ್ಟಿದೀನಿ, ಪಕ್ಕದಲ್ಲಿರೋ ಡ್ರೈವ್ ಗುರುತು ಒತ್ತಿ ಗೂಗಲ್ ಡ್ರೈವ್‌ಗೆ ಹಾಕ್ತೀನಿ, ಬೆಳಿಗ್ಗೆ ಬಂದು ಅಲ್ಲಿಂದ ಆವಕಕ್ಕೆ. ಡ್ರೈವ್, ಜೀಮೇಲ್, ಫೋಟೋಸ್ ಮೂರಕ್ಕೂ ಸೇರಿ 15 ಜಿಬಿ ಅಷ್ಟೇ ಇರೋದ್ರಿಂದ ಅಲ್ಲಿಂದಾನೂ ಆಗಾಗ ತೆಗೀಬೇಕು.

ಕೊನೇದಾಗಿ ಒಂದು, ಇದನ್ನ ಮರೆತು ಎಷ್ಟೋ ಜನ ನಾನು ಬದಲಾಯಿಸಿದೆ ಆದ್ರೂ ಆಗ್ತಿಲ್ಲ ಅಂತಾರೆ. ಮೇಲೆ ಹೇಳಿದ ಸೆಟ್ಟಿಂಗ್‌ಗಳೆಲ್ಲಾ ಕಂಪ್ಯೂಟರ್‌ಗೆ ಒಂದೇ ಸಲ ಅಲ್ಲ, ವಿಂಡೋಸ್‌ಗೆ ಯಾರು ಲಾಗಿನ್ ಆಗ್ತಾರೋ ಆ ಒಬ್ಬೊಬ್ರಿಗೂ ಬೇರೆ ಬೇರೆ, ಕ್ರೋಮ್‌ನಲ್ಲಿ ಪ್ರೊಫೈಲ್‌ಗೊಂದು. ಒಂದೇ ಕಂಪ್ಯೂಟರಲ್ಲಿ ಬೆಳಿಗ್ಗೆ ಒಬ್ರು ಮಧ್ಯಾಹ್ನ ಇನ್ನೊಬ್ರು ಕೂರೋ ಕಡೆ ಇಬ್ರ ಲಾಗಿನ್‌ನಲ್ಲೂ ಮಾಡ್ಬೇಕು. ಮಾಡಿದ್ಮೇಲೆ ನಿಮಗೆ ನೀವೇ ಒಂದು ಪಿಡಿಎಫ್ ಮೇಲ್ ಮಾಡ್ಕೊಂಡು, ಒಂದೊಂದು ಲಾಗಿನ್‌ನಲ್ಲೂ ಸೇವ್ ಒತ್ತಿ, ಆವಕ ತೆಗ್ದು ಫೈಲ್ ಬಂದಿದೆಯಾ ಅಂತ ನೋಡಿ, ಬಂದಿಲ್ಲ ಅಂದ್ರೆ ಆ ಲಾಗಿನ್‌ನಲ್ಲಿ ಸೆಟ್ಟಿಂಗ್ ಇನ್ನೂ ಹಳೇದೇ ಇದೆ ಅಂತ ಅರ್ಥ.